ದುಡಿಮೆಯೊಡನೆ ದೇಶಾಟನೆ
ವರ್ಕಿಂಗ್ ಹಾಲಿಡೇ ವೀಸಾ: ಒಂದು ಪರಿಚಯ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ಕನ್ನಡಿಗರ ನಾಲಗೆಯ ಮೇಲೆ ಬಹುಕಾಲದಿಂದ ನಿಂತಿರುವ ಮಾತು. ಇವೆರಡರಲ್ಲಿ ಕೋಶವನ್ನು ಓದಿಸುವ ಹೊಣೆಯನ್ನು ಶಾಲೆಗಳೂ ಮಠಮಾನ್ಯಗಳೂ ಹೊತ್ತುಕೊಂಡವು. ಹಳ್ಳಿಯ ಬಡಮಕ್ಕಳಿಗೆ ಪ್ರಸಾದನಿಲಯಗಳಲ್ಲಿ ಅನ್ನ, ಆಶ್ರಯಗಳನ್ನಿತ್ತು ಅವರನ್ನು ವಿದ್ಯಾವಂತರನ್ನಾಗಿಸಿದ ಕಾರ್ಯ ನಾಡಿಗೆಲ್ಲ ತಿಳಿದದ್ದೇ ಆಗಿದೆ. ಆದರೆ ದೇಶ ಸುತ್ತುವ ಭಾಗ್ಯ ಮಾತ್ರ ಬಹುಮಟ್ಟಿಗೆ ಹಣವುಳ್ಳವರ ಪಾಲಿಗೇ ಉಳಿದುಕೊಂಡಿತು. ಹಡಗಿನ ಕಾಲದಲ್ಲಾಗಲಿ, ವಿಮಾನದ ಕಾಲದಲ್ಲಾಗಲಿ, ಪರದೇಶವನ್ನು ಕಾಣಬೇಕಾದರೆ ತಂದೆಯ ಗಂಟು ದೊಡ್ಡದಿರಬೇಕು, ಇಲ್ಲವೆ ವಿದ್ಯಾರ್ಥಿವೇತನ ದೊರೆಯಬೇಕು ಎಂಬ ಸ್ಥಿತಿಯಿತ್ತು.

ಈ ಸ್ಥಿತಿಯನ್ನು ತುಸು ಸಡಿಲಿಸಿದ ಒಂದು ಏರ್ಪಾಡು ಜಗತ್ತಿನಲ್ಲಿ ಅರ್ಧ ಶತಮಾನದಿಂದ ನಡೆದು ಬಂದಿದೆ. ತರುಣರು ಬೇರೊಂದು ದೇಶಕ್ಕೆ ಹೋಗಿ, ಅಲ್ಲಿ ಸಂಚರಿಸುತ್ತ, ಸಂಚಾರದ ವೆಚ್ಚವನ್ನು ಅಲ್ಲಿಯೇ ದುಡಿದು ಗಳಿಸಿಕೊಳ್ಳಲು ಅನುಮತಿಯೀಯುವ ಏರ್ಪಾಡು ಅದು. ಇಂಗ್ಲಿಷಿನಲ್ಲಿ ಅದಕ್ಕೆ ವರ್ಕಿಂಗ್ ಹಾಲಿಡೇ ವೀಸಾ ಎಂದು ಹೆಸರು. ಇತ್ತೀಚಿನ ಕೆಲವು ವರ್ಷಗಳಿಂದ ಈ ಬಾಗಿಲು ಭಾರತದ ತರುಣರಿಗೂ ಕಿರಿದಾಗಿ ತೆರೆದಿರುವುದರಿಂದ, ಅದರ ಸ್ವರೂಪವನ್ನೂ, ಅದರಲ್ಲಿರುವ ಲಾಭವನ್ನೂ, ಅಪಾಯವನ್ನೂ ವಿದ್ಯಾರ್ಥಿಗಳೂ ಪಾಲಕರೂ ತಿಳಿದಿರುವುದು ಅವಶ್ಯಕವಾಗಿದೆ.

ಹೆಸರಿನಲ್ಲಿರುವ ಎರಡು ಮಾತುಗಳು

ಒಂದು ದೇಶದ ಪ್ರಜೆ ಇನ್ನೊಂದು ದೇಶವನ್ನು ಪ್ರವೇಶಿಸಲು ಆ ದೇಶದ ಸರಕಾರ ಕೊಡುವ ಒಪ್ಪಿಗೆಯೇ ವೀಸಾ. ಇದರಲ್ಲಿ ಹಲವು ಬಗೆಗಳುಂಟು. ಪ್ರವಾಸಿಯ ವೀಸಾ ಪಡೆದವನು ನೋಡಬಹುದೇ ಹೊರತು ಕೂಲಿ ಮಾಡುವಂತಿಲ್ಲ. ಉದ್ಯೋಗದ ವೀಸಾ ಪಡೆದವನು ದುಡಿಯಬಹುದು. ಆದರೆ ಸಾಮಾನ್ಯವಾಗಿ ತನ್ನನ್ನು ಕರೆಸಿಕೊಂಡ ಯಜಮಾನನಿಗೆ ಕಟ್ಟುಬಿದ್ದಿರುತ್ತಾನೆ. ವಿದ್ಯಾರ್ಥಿಯ ವೀಸಾಕ್ಕೆ ವಿಶ್ವವಿದ್ಯಾಲಯದ ಭಾರಿ ಶುಲ್ಕವನ್ನು ತೆರಬೇಕು. ವರ್ಕಿಂಗ್ ಹಾಲಿಡೇ ವೀಸಾ ಈ ಮೂರಕ್ಕೂ ಹೊರತಾದದ್ದು. ಇದಕ್ಕೆ ಕರೆಸಿಕೊಳ್ಳುವ ಯಜಮಾನನು ಬೇಕಿಲ್ಲ. ಮೊದಲೇ ಗೊತ್ತಾದ ನೌಕರಿಯೂ ಬೇಕಿಲ್ಲ. ವಯಸ್ಸು, ವಿದ್ಯೆ, ಕೈಯಲ್ಲಿರುವ ಅಲ್ಪ ಹಣ ಇವಿಷ್ಟನ್ನು ನೋಡಿ, ಒಂದೋ ಎರಡೋ ವರ್ಷದ ಅವಧಿಗೆ ಇದನ್ನು ಕೊಡುತ್ತಾರೆ.

ಹೆಸರಿನಲ್ಲಿಯೇ ದುಡಿಮೆ ಮತ್ತು ವಿಹಾರ ಎಂಬ ಎರಡು ಮಾತುಗಳಿವೆ. ಇವುಗಳಲ್ಲಿ ಯಾವುದು ಯಾವುದಕ್ಕೆ ಸಾಧನ ಎಂಬುದನ್ನು ಅರಿಯುವುದೇ ಈ ವಿಷಯದ ತಿರುಳು. ಕಾಯಿದೆಯ ದೃಷ್ಟಿಯಲ್ಲಿ ಸಂಚಾರವೇ ಗುರಿ, ದುಡಿಮೆ ಅದಕ್ಕೆ ಒದಗುವ ನೆರವು. ಈ ಕ್ರಮ ತಲೆಕೆಳಗಾಯಿತೆಂದರೆ ದೇಶಾಟನೆ ಮಾಯವಾಗಿ, ಅಗ್ಗದ ಕೂಲಿಯೊಂದೇ ಉಳಿಯುತ್ತದೆ. ಮುಂದೆ ಹೇಳುವ ಎಲ್ಲ ಸಂಗತಿಗಳನ್ನೂ ಈ ಒಂದು ಮಾತಿನ ಬೆಳಕಿನಲ್ಲಿ ನೋಡಬಹುದು.

ಹಿನ್ನೆಲೆ

ದುಡಿಯುತ್ತ ಊರೂರು ತಿರುಗುವ ಪದ್ಧತಿ ಹೊಸದೇನಲ್ಲ. ಯುರೋಪಿನಲ್ಲಿ ಶ್ರೀಮಂತರ ಮಕ್ಕಳು ಫ್ರಾನ್ಸ್, ಇಟಲಿಗಳನ್ನು ಸುತ್ತಿ ಬರುವುದು ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ವಿದ್ಯಾಭ್ಯಾಸದ ಕೊನೆಯ ಹಂತವೆನಿಸಿತ್ತು. ಅದು ಹಣವಂತರ ಮಾತಾಯಿತು. ಜರ್ಮನಿಯ ಕಸಬುದಾರರಲ್ಲಿ ಇದಕ್ಕಿಂತ ಘನವಾದ ಇನ್ನೊಂದು ಸಂಪ್ರದಾಯವಿತ್ತು. ಬಡಗಿಯೋ ಗವಂಡಿಯೋ ತನ್ನ ಗುರುವಿನಲ್ಲಿ ಕಸಬನ್ನು ಕಲಿತಾದ ಮೇಲೆ ಮೂರು ವರ್ಷ ಒಂದು ದಿನದ ಕಾಲ ಊರು ಬಿಟ್ಟು ಸಂಚರಿಸಬೇಕು. ಹೋದಲ್ಲಿ ದುಡಿದು ಉಣ್ಣಬೇಕು. ತನ್ನೂರಿನ ಸುತ್ತಳತೆಯ ಐವತ್ತು ಕಿಲೋಮೀಟರಿನೊಳಗೆ ಕಾಲಿಡಬಾರದು. ಕರಿಯ ಟೋಪಿ, ಅಗಲ ಪಾದದ ಷರಾಯಿ ಧರಿಸಿ ಹೀಗೆ ತಿರುಗುವ ಕಸಬುದಾರರು ಇಂದಿಗೂ ಅಲ್ಲಿ ಕೆಲವರಿದ್ದಾರೆ. ನಾನಾ ಊರುಗಳ ಕೈಚಳಕ ತನ್ನ ಕೈಗೆ ಇಳಿಯದೆ ಕಸಬು ಪಕ್ವವಾಗದು ಎಂಬುದೇ ಅದರ ಹಿಂದಿನ ತತ್ತ್ವ.

ಆಧುನಿಕ ಕಾಲದಲ್ಲಿ ಇಂತಹ ಸಂಚಾರಕ್ಕೆ ಸರಕಾರದ ಮುದ್ರೆಯೊತ್ತಿ ವ್ಯವಸ್ಥಿತ ರೂಪ ಕೊಟ್ಟ ದೇಶಗಳಲ್ಲಿ ಆಸ್ಟ್ರೇಲಿಯ ಮುಂಚೂಣಿಯಲ್ಲಿದೆ. ೧೯೭೫ರಲ್ಲಿ ಅದು ಈ ಯೋಜನೆಯನ್ನು ಆರಂಭಿಸಿದಾಗ ಬ್ರಿಟನ್, ಕೆನಡಗಳಂತಹ ಕೆಲವೇ ದೇಶಗಳ ತರುಣರಿಗೆ ಮಾತ್ರ ಅವಕಾಶವಿತ್ತು. ೧೯೮೦ರಲ್ಲಿ ಜಪಾನು ಆಸ್ಟ್ರೇಲಿಯದೊಡನೆ ಒಪ್ಪಂದ ಮಾಡಿಕೊಂಡಿತು. ೧೯೮೫ರಲ್ಲಿ ನ್ಯೂಜಿಲೆಂಡಿನೊಡನೆಯೂ, ೧೯೮೬ರಲ್ಲಿ ಕೆನಡದೊಡನೆಯೂ ಅದನ್ನು ವಿಸ್ತರಿಸಿತು. ಇಂದು ಆಸ್ಟ್ರೇಲಿಯವೊಂದೇ ನಲವತ್ತಕ್ಕೂ ಹೆಚ್ಚು ದೇಶಗಳೊಡನೆ ಇಂತಹ ಏರ್ಪಾಡನ್ನು ಹೊಂದಿದೆ.

ಬ್ರಿಟನ್ನಿನಲ್ಲಿಯೂ ಕಾಮನ್‌ವೆಲ್ತ್ ದೇಶಗಳ ತರುಣರಿಗಾಗಿ ಇಂತಹದೇ ಒಂದು ಯೋಜನೆಯಿತ್ತು. ಭಾರತೀಯರೂ ಅದರ ವ್ಯಾಪ್ತಿಗೆ ಒಳಪಟ್ಟಿದ್ದರು. ೨೦೦೮ರ ನವೆಂಬರಿನಲ್ಲಿ ಅದನ್ನು ಮುಚ್ಚಿ, ಅದರ ಸ್ಥಾನದಲ್ಲಿ ಆಯ್ದ ದೇಶಗಳಿಗೆ ಮಾತ್ರ ಅನ್ವಯಿಸುವ ಹೊಸ ಯೋಜನೆಯನ್ನು ತಂದಾಗ ಭಾರತದ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಅಲ್ಲಿಂದ ಮುಂದೆ ಹಲವು ವರ್ಷ ಭಾರತದ ತರುಣರಿಗೆ ಆ ಹಾದಿ ಮುಚ್ಚಿಯೇ ಇತ್ತು.

ಭಾರತೀಯರಿಗೆ ತೆರೆದ ಬಾಗಿಲುಗಳು

೨೦೨೧ರ ಮೇ ತಿಂಗಳಲ್ಲಿ ಭಾರತ ಮತ್ತು ಬ್ರಿಟನ್ ಸರಕಾರಗಳ ನಡುವೆ ಜನರ ವಲಸೆ ಸಂಚಾರಗಳ ಬಗ್ಗೆ ಒಂದು ಒಡಂಬಡಿಕೆಯಾಯಿತು. ಅದರ ಫಲವಾಗಿ ೨೦೨೩ರ ಫೆಬ್ರುವರಿಯಲ್ಲಿ ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ ಎಂಬ ಯೋಜನೆ ಆರಂಭವಾಯಿತು. ವರ್ಷಕ್ಕೆ ೩,೦೦೦ ಮಂದಿಯವರೆಗೆ ಇದರಲ್ಲಿ ಸ್ಥಾನವುಂಟು. ಹದಿನೆಂಟರಿಂದ ಮೂವತ್ತು ವರ್ಷದೊಳಗಿನವರಾಗಿದ್ದು, ಪದವೀಧರರಾಗಿರಬೇಕು. ಆಶ್ರಿತ ಮಕ್ಕಳಿರಬಾರದು. ೨,೫೩೦ ಪೌಂಡುಗಳ ಉಳಿತಾಯವನ್ನು ತೋರಿಸಬೇಕು. ಅದು ಇಪ್ಪತ್ತೆಂಟು ದಿನಗಳ ಕಾಲ ಖಾತೆಯಲ್ಲಿ ಕದಲದೆ ಇದ್ದಿರಬೇಕು. ಭಾರತದಿಂದ ಹೋಗುವವರಿಗೆ ಕ್ಷಯರೋಗವಿಲ್ಲವೆಂಬ ವೈದ್ಯಪತ್ರವೂ ಬೇಕಾಗುತ್ತದೆ. ಆಯ್ಕೆಯಾದವರು ಎರಡು ವರ್ಷದವರೆಗೆ ಅಲ್ಲಿದ್ದು, ವೃತ್ತಿಪರ ಕ್ರೀಡೆಯಂತಹ ಕೆಲವು ಕೆಲಸಗಳನ್ನು ಬಿಟ್ಟು ಉಳಿದ ಬಹುತೇಕ ಉದ್ಯೋಗಗಳನ್ನು ಮಾಡಬಹುದು. ಅವಧಿ ಮುಗಿದ ಮೇಲೆ ಅದನ್ನು ಬೆಳೆಸಲು ಬಾರದು. ಒಡಂಬಡಿಕೆ ಪರಸ್ಪರವಾದುದರಿಂದ ಬ್ರಿಟನ್ನಿನ ತರುಣರೂ ಭಾರತಕ್ಕೆ ಬರಬಹುದಾಗಿದೆ.

ಎರಡನೆಯದು ಆಸ್ಟ್ರೇಲಿಯದ ಬಾಗಿಲು. ೨೦೨೨ರ ಏಪ್ರಿಲ್ ೨ರಂದು ಸಹಿಯಾಗಿ, ಅದೇ ವರ್ಷದ ಡಿಸೆಂಬರ್ ೨೯ರಿಂದ ಜಾರಿಗೆ ಬಂದ ವ್ಯಾಪಾರ ಒಪ್ಪಂದದಲ್ಲಿ, ವರ್ಷಕ್ಕೆ ೧,೦೦೦ ಮಂದಿ ಭಾರತೀಯ ತರುಣರಿಗೆ ವರ್ಕ್ ಆ್ಯಂಡ್ ಹಾಲಿಡೇ ವೀಸಾ ಕೊಡುವ ಮಾತು ಸೇರಿತ್ತು. ಇಲ್ಲಿಯೂ ವಯಸ್ಸು ಹದಿನೆಂಟರಿಂದ ಮೂವತ್ತು. ಪ್ರೌಢವಿದ್ಯೆಯ ಮೇಲೆ ಕನಿಷ್ಠ ಎರಡು ವರ್ಷದ ವ್ಯಾಸಂಗ, ವ್ಯವಹಾರಕ್ಕೆ ಸಾಲುವಷ್ಟು ಇಂಗ್ಲಿಷ್, ಸುಮಾರು ೫,೦೦೦ ಆಸ್ಟ್ರೇಲಿಯನ್ ಡಾಲರುಗಳ ಉಳಿತಾಯ, ಉತ್ತಮ ಆರೋಗ್ಯ ಮತ್ತು ನಡತೆ ಇವು ಮುಖ್ಯ ಅರ್ಹತೆಗಳು. ಮಕ್ಕಳನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ಅಲ್ಲಿ ಹನ್ನೆರಡು ತಿಂಗಳು ಇರಬಹುದು. ನಾಲ್ಕು ತಿಂಗಳವರೆಗೆ ಏನನ್ನಾದರೂ ಅಭ್ಯಾಸ ಮಾಡಬಹುದು. ಸಾಮಾನ್ಯವಾಗಿ ಒಬ್ಬನೇ ಯಜಮಾನನಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ದುಡಿಯಬಾರದು. ಈ ಕೊನೆಯ ನಿಯಮವೇ ಯೋಜನೆಯ ಉದ್ದೇಶವನ್ನು ಸಾರುತ್ತದೆ. ಒಂದೆಡೆ ಬೇರೂರದೆ ಮುಂದೆ ನಡೆಯಲಿ ಎಂಬುದು ಅದರ ಇಂಗಿತ.

ಎರಡು ದೇಶಗಳೂ ಅರ್ಜಿದಾರರನ್ನು ಚೀಟಿಯೆತ್ತಿದಂತೆ ಯದೃಚ್ಛೆಯಾಗಿ ಆರಿಸುತ್ತವೆ. ಇಲ್ಲಿ ಪರೀಕ್ಷೆಯ ಅಂಕಗಳಿಗೆ ಬೆಲೆಯಿಲ್ಲ; ಶಿಫಾರಸು ಸಲ್ಲದು. ಬ್ರಿಟನ್ನಿನ ಚೀಟಿಗೆ ಹೆಸರು ಕೊಡಲು ಶುಲ್ಕವಿಲ್ಲ. ಆಸ್ಟ್ರೇಲಿಯದ್ದಕ್ಕೆ ಮೊದಲ ಸಲ ೨೦೨೪ರ ಅಕ್ಟೋಬರಿನಲ್ಲಿ ೨೫ ಡಾಲರುಗಳ ಶುಲ್ಕದೊಡನೆ ಹೆಸರುಗಳನ್ನು ಸ್ವೀಕರಿಸಿದರು. ಮೊದಲ ಎರಡು ವಾರಗಳಲ್ಲಿಯೇ ಸಾವಿರ ಸ್ಥಾನಗಳಿಗೆ ಸುಮಾರು ೪೦,೦೦೦ ಭಾರತೀಯರು ಹೆಸರು ಕೊಟ್ಟರು. ಅಂದರೆ ನಲವತ್ತು ಮಂದಿಯಲ್ಲಿ ಒಬ್ಬನಿಗೂ ಈ ಯೋಗ ಲಭಿಸುವುದು ಕಷ್ಟ. ಆದುದರಿಂದ ಇದನ್ನೇ ನೆಚ್ಚಿ ಓದು, ಉದ್ಯೋಗಗಳನ್ನು ಬಿಟ್ಟು ಕುಳಿತುಕೊಳ್ಳುವುದು ವಿವೇಕವಲ್ಲ. ಚೀಟಿ ಎದ್ದರೆ ಹೋಗಬೇಕು, ಏಳದಿದ್ದರೆ ಮಾಡುತ್ತಿರುವುದನ್ನು ಮುಂದುವರಿಸಬೇಕು.

ಹೊಲಗದ್ದೆಗಳ ದುಡಿಮೆ

ಇಂತಹ ವೀಸಾಗಳನ್ನು ದೇಶಗಳು ಕೇವಲ ಔದಾರ್ಯದಿಂದ ಕೊಡುತ್ತವೆಯೆಂದು ತಿಳಿಯಬಾರದು. ತರುಣರು ಪರಸ್ಪರರ ಸಂಸ್ಕೃತಿಯನ್ನು ಅರಿಯಲಿ ಎಂಬ ಉದ್ದೇಶ ಸತ್ಯವಾದದ್ದೇ. ಅದರ ಜೊತೆಗೆ ಆಳುಗಳ ಅಭಾವವೂ ಒಂದು ಕಾರಣ. ಆಸ್ಟ್ರೇಲಿಯ ಬಹು ವಿಶಾಲವಾದ, ಜನವಿರಳವಾದ ದೇಶ. ಅಲ್ಲಿಯ ಹಣ್ಣು ತರಕಾರಿಗಳ ಸುಗ್ಗಿ ಒಂದೊಂದು ಪ್ರಾಂತದಲ್ಲಿ ಒಂದೊಂದು ತಿಂಗಳಿಗೆ ಬರುತ್ತದೆ. ಸುಗ್ಗಿ ಮುಗಿದೊಡನೆ ಕೆಲಸವೂ ಮುಗಿಯುತ್ತದೆ. ನೆಲೆನಿಂತ ಕುಟುಂಬಸ್ಥರಿಗೆ ಒಗ್ಗದ ಈ ಕೆಲಸ ತಿರುಗುವ ತರುಣರಿಗೆ ಒಗ್ಗುತ್ತದೆ.

ಭೂಮಿಯ ದಕ್ಷಿಣಾರ್ಧದಲ್ಲಿರುವ ಆ ದೇಶದಲ್ಲಿ ಋತುಗಳು ನಮ್ಮವಕ್ಕೆ ವಿಪರೀತ. ಡಿಸೆಂಬರಿನಲ್ಲಿ ಅಲ್ಲಿ ಬೇಸಗೆ. ಧಾರವಾಡದ ಮಾವಿನ ಮರ ಹೂ ಬಿಡುವುದಕ್ಕೆ ಮೊದಲೇ ಕ್ವೀನ್ಸ್‌ಲೆಂಡ್ ಪ್ರಾಂತದ ಬೋವೆನ್ ಊರಿನ ಸುತ್ತ ಮಾವಿನ ಹಣ್ಣನ್ನು ಕೊಯ್ಯುತ್ತಾರೆ. ಜನವರಿಯಿಂದ ಮುಂದೆ ವಿಕ್ಟೋರಿಯ ಪ್ರಾಂತದ ಮಿಲ್ಡುರಾದಲ್ಲಿ ದ್ರಾಕ್ಷಿಯ ಸುಗ್ಗಿ. ಟಾಸ್ಮೇನಿಯ ದ್ವೀಪದ ಹ್ಯೂಅನ್ ಕಣಿವೆಯಲ್ಲಿ ಸೇಬಿನ ಸುಗ್ಗಿ. ಹೊಲ ತೋಟಗಳಲ್ಲದೆ ಹೋಟೆಲು, ಕಟ್ಟಡದ ಕೆಲಸ, ದನದ ಹಟ್ಟಿ ಮೊದಲಾದೆಡೆಯಲ್ಲಿಯೂ ಇವರಿಗೆ ಕೆಲಸ ಸಿಗುತ್ತದೆ.

ಈ ಕೆಲಸಕ್ಕೆ ಆಳುಗಳನ್ನು ಸೆಳೆಯಲು ೨೦೦೫ರ ನವೆಂಬರಿನಿಂದ ಅಲ್ಲಿಯ ಸರಕಾರ ಒಂದು ಆಮಿಷವನ್ನೂ ಇರಿಸಿತು. ಗ್ರಾಮಾಂತರ ಭಾಗದಲ್ಲಿ ಮೂರು ತಿಂಗಳ ಗೊತ್ತಾದ ಕೆಲಸವನ್ನು ಮಾಡಿದವರಿಗೆ ಎರಡನೆಯ ವರ್ಷದ ವೀಸಾ ದೊರೆಯುವಂತಾಯಿತು. ಭಾರತೀಯರಿಗೆ ಅನ್ವಯಿಸುವ ವೀಸಾದ ವರ್ಗಕ್ಕೆ ಈ ಸೌಲಭ್ಯ ೨೦೧೬ರಲ್ಲಿ ಬಂದಿತು. ೨೦೧೯ರ ಜುಲೈಯಿಂದ, ಎರಡನೆಯ ವರ್ಷದಲ್ಲಿ ಆರು ತಿಂಗಳು ಹೀಗೆ ದುಡಿದವರಿಗೆ ಮೂರನೆಯ ವರ್ಷಕ್ಕೂ ಅವಕಾಶವಾಯಿತು.

ದುಡಿಮೆಯ ನೆರಳು

ಹೆಸರಿನ ಎರಡು ಮಾತುಗಳು ಅದಲುಬದಲಾಗುವ ಅಪಾಯ ಇಲ್ಲಿಂದಲೇ ಆರಂಭವಾಗುತ್ತದೆ. ಮುಂದಿನ ವೀಸಾ ಬೇಕಾದರೆ ಈ ಕೆಲಸವನ್ನು ಪೂರೈಸಲೇಬೇಕು ಎಂಬ ಅನಿವಾರ್ಯತೆಗೆ ಸಿಕ್ಕಿದ ತರುಣನು, ಕೂಲಿ ಕಡಮೆಯಾದರೂ ಬಾಯಿ ತೆರೆಯಲಾರನು. ದೂರದ ಊರು, ಪರಿಚಿತರಿಲ್ಲದ ಜಾಗ, ಕೆಲಸ ಕೊಡಿಸಿದವನದೇ ವಸತಿ. ಹೀಗಿರುವಾಗ ದುಷ್ಟ ಗುತ್ತಿಗೆದಾರನಿಗೆ ಇದು ಅನುಕೂಲವಾಯಿತು. ೨೦೧೭ರಲ್ಲಿ ಸಿಡ್ನಿಯ ಎರಡು ವಿಶ್ವವಿದ್ಯಾಲಯಗಳ ವಿದ್ವಾಂಸರು ಪ್ರಕಟಿಸಿದ ಸಮೀಕ್ಷೆ ನಾಲ್ಕು ಸಾವಿರಕ್ಕೂ ಹೆಚ್ಚು ತಾತ್ಕಾಲಿಕ ವಲಸೆಗಾರರನ್ನು ಒಳಗೊಂಡಿತ್ತು. ಹೀಗೆ ದುಡಿಯುವ ಪ್ರವಾಸಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿಗೆ ಗಂಟೆಗೆ ೧೨ ಡಾಲರು ಅಥವಾ ಅದಕ್ಕೂ ಕಡಮೆ ಕೂಲಿ ಸಂದಿತ್ತೆಂದು ಅದರಿಂದ ತಿಳಿದುಬಂದಿತು. ನ್ಯಾಯವಾಗಿ ಸಲ್ಲಬೇಕಾದುದರಲ್ಲಿ ಅದು ಸರಿಸುಮಾರು ಅರ್ಧ ಮಾತ್ರ.

ಕೂಲಿಯ ಮೋಸಕ್ಕಿಂತ ಘೋರವಾದ ಘಟನೆಯೊಂದು ೨೦೦೦ದ ಜೂನ್ ೨೩ರಂದು ಕ್ವೀನ್ಸ್‌ಲೆಂಡಿನ ಚಿಲ್ಡರ್ಸ್ ಎಂಬ ಪುಟ್ಟ ಊರಿನಲ್ಲಿ ನಡೆಯಿತು. ಸುತ್ತಣ ತೋಟಗಳಲ್ಲಿ ಹಣ್ಣು ತರಕಾರಿ ಕೊಯ್ಯಲು ಬಂದ ತರುಣ ತರುಣಿಯರು ಅಲ್ಲಿಯ ಹಳೆಯ ಪ್ಯಾಲೇಸ್ ವಸತಿಗೃಹದಲ್ಲಿ ಇಳಿದುಕೊಂಡಿದ್ದರು. ರಾತ್ರಿಯ ಹೊತ್ತು ಒಬ್ಬನು ಹಚ್ಚಿದ ಬೆಂಕಿಗೆ ಹದಿನೈದು ಮಂದಿ ಬಲಿಯಾದರು. ಬ್ರಿಟನ್, ಆಸ್ಟ್ರೇಲಿಯ, ಹಾಲೆಂಡ್, ಐರ್ಲೆಂಡ್, ಜಪಾನ್, ಕೊರಿಯ ಹೀಗೆ ಹಲವು ದೇಶಗಳ ಮಕ್ಕಳು ಅವರು. ಹೊಗೆಯನ್ನು ಸೂಚಿಸಬೇಕಾದ ಎಚ್ಚರಿಕೆಯ ಗಂಟೆಗಳು ಆ ರಾತ್ರಿ ಬಾರಿಸಲಿಲ್ಲ. ಆ ಬಳಿಕ ಆ ಪ್ರಾಂತದಲ್ಲಿ ಇಂತಹ ವಸತಿಗೃಹಗಳ ಅಗ್ನಿರಕ್ಷಣೆಯ ಕಾಯಿದೆಯನ್ನು ಬಿಗಿಗೊಳಿಸಿದರು. ಕಟ್ಟಡವನ್ನು ಮತ್ತೆ ಎತ್ತಿ ನಿಲ್ಲಿಸಿ, ಮಡಿದ ಹದಿನೈವರ ಸ್ಮಾರಕವನ್ನು ಅಲ್ಲಿ ಮಾಡಿದ್ದಾರೆ. ಪರದೇಶದಲ್ಲಿ ಮಲಗುವ ಕೋಣೆಗೆ ಬಾಗಿಲು ಎಷ್ಟು, ಕಿಟಕಿ ತೆರೆಯುತ್ತದೆಯೆ ಎಂಬುದನ್ನು ಮೊದಲ ದಿನವೇ ನೋಡಿಕೊಳ್ಳುವುದು ಅತಿಯಾದ ಅಂಜಿಕೆಯಲ್ಲ.

ಕಾಯಿದೆಯ ರಕ್ಷಣೆ

ಇಂತಹ ಅನುಭವಗಳಿಂದ ಪಾಠ ಕಲಿತು ಆಸ್ಟ್ರೇಲಿಯದ ಕಾಯಿದೆಗಳು ಕ್ರಮೇಣ ಸುಧಾರಿಸಿವೆ. ಗ್ರಾಮಾಂತರದ ದುಡಿಮೆಗೆ ನ್ಯಾಯವಾದ ಕೂಲಿ ಸಂದಿದೆಯೆಂಬುದನ್ನು ಸಂಬಳದ ಚೀಟಿಯಿಂದ ತೋರಿಸಿದಲ್ಲದೆ ಮುಂದಿನ ವರ್ಷದ ವೀಸಾ ಸಿಗದಂತೆ ೨೦೧೫ರ ಡಿಸೆಂಬರಿನಲ್ಲಿ ನಿಯಮ ಮಾಡಿದರು. ಕೊಯ್ದ ಬುಟ್ಟಿಗಳನ್ನು ಎಣಿಸಿ ಕೂಲಿ ಕೊಡುವ ಪದ್ಧತಿಯಲ್ಲಿ ಹೊಸಬನ ಕೈಗೆ ಬರುವುದು ಬಲು ಕಡಮೆಯಾಗುತ್ತಿತ್ತು. ೨೦೨೨ರ ಏಪ್ರಿಲ್ ೨೮ರಿಂದ, ಎಷ್ಟೇ ಬುಟ್ಟಿ ತುಂಬಿರಲಿ, ದುಡಿದ ಗಂಟೆಗಳ ಲೆಕ್ಕದಲ್ಲಿ ಕನಿಷ್ಠ ಕೂಲಿಗೆ ಕಡಮೆಯಾಗಬಾರದೆಂದು ಗೊತ್ತುಪಡಿಸಿದರು. ೨೦೨೪ರ ಜುಲೈ ೧ರಿಂದ, ವೀಸಾ ಕಳೆಯಿಸುವೆನೆಂದು ಹೆದರಿಸಿ ದುಡಿಸಿಕೊಳ್ಳುವುದು ಅಪರಾಧವೆನಿಸಿದೆ. ೨೦೨೫ರ ಜನವರಿ ೧ರಿಂದ, ಬೇಕೆಂದೇ ಕೂಲಿಯನ್ನು ನುಂಗುವುದೂ ಶಿಕ್ಷಾರ್ಹ ಅಪರಾಧ. ಫೇರ್ ವರ್ಕ್ ಓಂಬಡ್ಸ್‌ಮನ್ ಎಂಬ ಸರಕಾರದ ಸಂಸ್ಥೆಗೆ ಪರದೇಶದ ಕೆಲಸಗಾರನೂ ನೇರವಾಗಿ ದೂರು ಕೊಡಬಹುದು. ಆದರೆ ಕಾಯಿದೆ ಎಷ್ಟು ಒಳ್ಳೆಯದಿದ್ದರೂ ಅದನ್ನು ತಿಳಿಯದವನಿಗೆ ಅದು ಬಾಗಿಲಾಚೆಯ ದೀಪ. ದುಡಿದ ಗಂಟೆಗಳನ್ನು ಒಂದು ವಹಿಯಲ್ಲಿ ದಿನದಿನವೂ ಬರೆದಿಡುವುದು, ಸಂಬಳದ ಚೀಟಿಯನ್ನು ಕೇಳಿ ಪಡೆಯುವುದು, ಪಾಸ್‌ಪೋರ್ಟನ್ನು ಯಾರ ವಶಕ್ಕೂ ಒಪ್ಪಿಸದಿರುವುದು, ಈ ಮೂರು ಅಭ್ಯಾಸಗಳು ಅತ್ಯಂತ ಅವಶ್ಯಕ.

ಆಯವ್ಯಯ

ಇದು ಹಣ ಗಳಿಸುವ ಹಾದಿಯೆಂಬ ಭ್ರಮೆ ಪಾಲಕರಲ್ಲಿ ಇರಬಾರದು. ಆಸ್ಟ್ರೇಲಿಯದಲ್ಲಿ ೨೦೨೫ರ ಜುಲೈ ೧ರಿಂದ ಗೊತ್ತಾದ ಕನಿಷ್ಠ ಕೂಲಿ ಗಂಟೆಗೆ ೨೪.೯೫ ಡಾಲರು. ರೂಪಾಯಿಗೆ ಪರಿವರ್ತಿಸಿದರೆ ಅದು ದೊಡ್ಡದಾಗಿ ಕಾಣುತ್ತದೆ. ಆದರೆ ಅಲ್ಲಿಯ ಬಾಡಿಗೆ, ಊಟ, ಬಸ್ಸುಗಳ ವೆಚ್ಚವೂ ಡಾಲರಿನಲ್ಲಿಯೇ ನಡೆಯುತ್ತದೆ. ಈ ವೀಸಾದವರು ಗಳಿಕೆಯ ಮೊದಲ ಡಾಲರಿನಿಂದಲೇ ನೂರಕ್ಕೆ ಹದಿನೈದರಂತೆ ತೆರಿಗೆ ಕೊಡಬೇಕು. ಅಲ್ಲಿಯ ಸಾಮಾನ್ಯ ನಿವಾಸಿಗಳಿಗಿರುವ ಆರಂಭದ ವಿನಾಯಿತಿ ಇವರಿಗಿಲ್ಲ. ಯಜಮಾನನು ಇವರ ಹೆಸರಿನಲ್ಲಿ ಕಟ್ಟುವ ನಿವೃತ್ತಿನಿಧಿಯನ್ನು ದೇಶ ಬಿಡುವಾಗ ಪಡೆಯಬಹುದಾದರೂ, ಅದರಲ್ಲಿ ನೂರಕ್ಕೆ ಅರುವತ್ತೈದು ಭಾಗವನ್ನು ತೆರಿಗೆಯಾಗಿ ಮುರಿದುಕೊಳ್ಳುತ್ತಾರೆ. ಬ್ರಿಟನ್ನಿಗೆ ಹೋಗುವವರು ಆರೋಗ್ಯ ಸೇವೆಗಾಗಿ ವರ್ಷಕ್ಕೆ ೭೭೬ ಪೌಂಡುಗಳನ್ನು ಮುಂಗಡವಾಗಿಯೇ ತೆರಬೇಕಾಗಿದೆ. ವಿಮಾನದ ವೆಚ್ಚ ಬೇರೆ. ತೋರಿಸಬೇಕಾದ ಉಳಿತಾಯವೇ ಎರಡೂ ದೇಶಗಳಲ್ಲಿ ಎರಡೂವರೆ ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಹೊಲ ಒತ್ತೆಯಿಟ್ಟು, ಬಡ್ಡಿಗೆ ಸಾಲ ತಂದು ಈ ಪ್ರಯಾಣಕ್ಕೆ ಹೊರಟವನು ವಿಹಾರಕ್ಕೆ ಹೋದವನಾಗುವುದಿಲ್ಲ. ಸಾಲ ತೀರಿಸುವ ಚಿಂತೆ ಅವನನ್ನು ಮೋಸಗಾರನ ಬಾಗಿಲಿಗೇ ಕೊಂಡೊಯ್ಯುತ್ತದೆ. ಒಂದೆರಡು ವರ್ಷ ಇಲ್ಲಿಯೇ ದುಡಿದು, ಉಳಿಸಿದ ಹಣದಿಂದ ಹೊರಡುವುದು ಲೇಸು.

ಇನ್ನೊಂದು ತಪ್ಪು ತಿಳಿವಳಿಕೆ, ಇದು ಪರದೇಶದಲ್ಲಿ ನೆಲೆಸುವುದಕ್ಕೆ ಹಿಂಬಾಗಿಲು ಎಂಬುದು. ಈ ವೀಸಾ ಕಾಯಂ ವಾಸದ ಹಕ್ಕನ್ನು ಕೊಡುವುದಿಲ್ಲ. ಚೀಟಿಯಲ್ಲಿ ಹೆಸರು ಬರಿಸಿಕೊಡುತ್ತೇವೆ, ನೌಕರಿ ಖಂಡಿತ ಎಂದು ಹೇಳಿ ಹಣ ಕೇಳುವ ದಲ್ಲಾಳಿಗಳ ಮಾತು ಸುಳ್ಳೆಂದೇ ತಿಳಿಯಬೇಕು. ಯದೃಚ್ಛೆಯ ಆಯ್ಕೆಯಲ್ಲಿ ಯಾರ ಕೈವಾಡವೂ ನಡೆಯದು. ಪರದೇಶದ ನೌಕರಿಗೆ ಜನರನ್ನು ಆರಿಸಿ ಕಳಿಸುವವರು ೧೯೮೩ರ ವಲಸೆ ಕಾಯಿದೆಯ ಮೇರೆಗೆ ಭಾರತ ಸರಕಾರದಲ್ಲಿ ನೋಂದಾಯಿತರಾಗಿರಬೇಕು. ಅರ್ಜಿಯನ್ನಂತೂ ಆಯಾ ಸರಕಾರಗಳ ಅಧಿಕೃತ ತಾಣಗಳಲ್ಲಿ ಅಭ್ಯರ್ಥಿಯೇ ತುಂಬಬಹುದು.

ಕಾಯಕದ ದೃಷ್ಟಿಯಿಂದ

ಹಾಗಾದರೆ ಹಣವೂ ಕೂಡದ, ನೆಲೆಯೂ ನಿಲ್ಲದ ಈ ಯಾತ್ರೆಯಿಂದ ಪ್ರಯೋಜನವೇನು ಎಂಬ ಪ್ರಶ್ನೆ ಸಹಜವಾಗಿದೆ. ಉತ್ತರವನ್ನು ಶರಣರ ಚರಿತ್ರೆಯಲ್ಲಿಯೇ ಕಾಣಬಹುದು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು, ಮಡದಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರುವ ಕಾಯಕವನ್ನು ಕೈಕೊಂಡರೆಂದು ಪರಂಪರೆ ಹೇಳುತ್ತದೆ. ಅರಸನು ಕಟ್ಟಿಗೆ ಹೊತ್ತುದರಿಂದ ಅರಸನ ಘನತೆ ಕುಗ್ಗಲಿಲ್ಲ. ಕಟ್ಟಿಗೆಯ ಹೊರೆಗೇ ಘನತೆ ಬಂದಿತು. ದೂರದೂರದಿಂದ ಕಲ್ಯಾಣಕ್ಕೆ ನಡೆದು ಬಂದವರನ್ನು ಯಾವ ಕುಲವೆಂದು ಕೇಳದೆ, ಯಾವ ಕಾಯಕವೆಂದು ಕೇಳಿದ ನಾಡು ಇದು.

ಆದರೆ ಇಂದಿನ ವಿದ್ಯಾವಂತ ತರುಣನ ಮನಸ್ಸಿನಲ್ಲಿ ಕೈಕೆಲಸದ ಬಗ್ಗೆ ಕೀಳೆಂಬ ಭಾವನೆ ಉಳಿದೇ ಇದೆ. ಪದವಿ ಪಡೆದವನು ನೇಗಿಲು ಮುಟ್ಟಬಾರದು, ಪಾತ್ರೆ ತೊಳೆಯಬಾರದು ಎಂಬ ತಿಳಿವಳಿಕೆ ಮನೆಯಲ್ಲಿಯೇ ಬೆಳೆಯುತ್ತದೆ. ಪರದೇಶದ ತೋಟದಲ್ಲಿ ಫ್ರಾನ್ಸಿನ ಪದವೀಧರೆಯ ಪಕ್ಕದಲ್ಲಿ, ಜಪಾನಿನ ಗುಮಾಸ್ತನ ಪಕ್ಕದಲ್ಲಿ ನಿಂತು ಹಣ್ಣು ಕೊಯ್ಯುವಾಗ, ಅಲ್ಲಿಯ ಯಜಮಾನನೂ ಬುಟ್ಟಿ ಹೊರುವುದನ್ನು ಕಾಣುವಾಗ, ಆ ಮೌಢ್ಯ ಕಳಚಿ ಬೀಳಬಹುದು. ಹಾಗೆ ಕಳಚಿದರೆ ಹಿಂದಿರುಗಿ ಬಂದ ತರುಣನು ತನ್ನೂರಿನ ಕೂಲಿಯವನನ್ನು ನೋಡುವ ಕಣ್ಣು ಬೇರೆಯಾಗುತ್ತದೆ. ಇಲ್ಲಿಯ ದ್ರಾಕ್ಷಿ ತೋಟಗಳಲ್ಲಿಯೂ ಕಬ್ಬಿನ ಗದ್ದೆಗಳಲ್ಲಿಯೂ ಬೇರೆ ಜಿಲ್ಲೆಗಳಿಂದ ಗುಳೆ ಬಂದು ದುಡಿಯುವವರಿದ್ದಾರೆ. ಅವರ ವಸತಿ, ಅವರ ಕೂಲಿ, ಅವರ ಮಕ್ಕಳ ಓದು ಹೇಗಿದೆ ಎಂದು ಕೇಳುವ ಅರ್ಹತೆ ಸ್ವತಃ ಪರನೆಲದಲ್ಲಿ ಕೂಲಿ ಮಾಡಿ ಬಂದವನಿಗೆ ಹೆಚ್ಚಾಗಿ ಒದಗುತ್ತದೆ.

ಅದೇ ವೇಳೆ ಇನ್ನೊಂದು ವಿವೇಕವೂ ಇರಬೇಕು. ಕಾಯಕವೆಂದರೆ ಮನವೊಪ್ಪಿ ಮಾಡುವ ದುಡಿಮೆ. ಹೆದರಿಸಿ ಮಾಡಿಸಿಕೊಂಡದ್ದು, ನ್ಯಾಯವಾದ ಪ್ರತಿಫಲವಿಲ್ಲದೆ ಮಾಡಿಸಿಕೊಂಡದ್ದು ಬಿಟ್ಟಿಚಾಕರಿಯೇ ಹೊರತು ಕಾಯಕವಲ್ಲ. ದುಡಿಮೆಗೆ ತಲೆಬಾಗಬೇಕು, ಅನ್ಯಾಯಕ್ಕೆ ಬಾಗಬಾರದು. ಕೈಕೆಲಸಕ್ಕೆ ನಾಚದಿರುವುದೂ, ಸಲ್ಲಬೇಕಾದ ಕೂಲಿಯನ್ನು ಕೇಳಲು ನಾಚದಿರುವುದೂ ಒಂದೇ ಗುಣದ ಎರಡು ಮುಖಗಳು.

ವಿದ್ಯಾರ್ಥಿಗಳ ಸಿದ್ಧತೆ

ಈ ವೀಸಾಕ್ಕೆ ಅರ್ಹರಾಗುವ ವಯಸ್ಸು ಶಾಲೆಯ ಮಕ್ಕಳಿಗೆ ಇನ್ನೂ ದೂರವಿದೆ. ಆದರೆ ಅದಕ್ಕೆ ಬೇಕಾದ ಸಿದ್ಧತೆಯನ್ನು ಈಗಲೇ ಆರಂಭಿಸಬಹುದು. ಇಂಗ್ಲಿಷನ್ನು ಪರೀಕ್ಷೆಗಾಗಿ ಮಾತ್ರವಲ್ಲದೆ ಮಾತಿಗಾಗಿ ಕಲಿಯಬೇಕು. ಅಡಿಗೆ, ಬಟ್ಟೆ ಒಗೆಯುವುದು, ಹರಿದುದನ್ನು ಹೊಲಿಯುವುದು, ಲೆಕ್ಕ ಬರೆಯುವುದು ಇವನ್ನು ಹುಡುಗ ಹುಡುಗಿ ಎಂಬ ಭೇದವಿಲ್ಲದೆ ಕಲಿಯಬೇಕು. ಪ್ರಸಾದನಿಲಯದಲ್ಲಿ ಸರತಿಯ ಮೇಲೆ ಕಸ ಗುಡಿಸಿ, ಪಂಕ್ತಿಗೆ ಬಡಿಸಿ, ಎಲೆಯೆತ್ತಿದ ವಿದ್ಯಾರ್ಥಿಗೆ ಪರದೇಶದ ಅಡುಗೆಮನೆಯ ಕೆಲಸ ಅಪರಿಚಿತವೆನಿಸದು. ಮುಂದೆ ಪದವಿ ಮುಗಿದ ಮೇಲೆ ಚೀಟಿ ಎದ್ದು ಹೊರಡುವ ಭಾಗ್ಯ ಬಂದರೆ, ಮನೆಯವರಿಗೆ ತನ್ನ ವಿಳಾಸವನ್ನು ಕಾಲಕಾಲಕ್ಕೆ ತಿಳಿಸುತ್ತ, ಮಾಡಿದ ಕೆಲಸದ ಲೆಕ್ಕವನ್ನು ಇಡುತ್ತ, ಕಂಡುದನ್ನು ಬರೆದಿಡುತ್ತ ಬಂದರೆ ಸಾಕು. ಅಂತಹ ಒಂದು ಬರಹದ ವಹಿ ಶಾಲೆಯ ಗ್ರಂಥಾಲಯವನ್ನು ಸೇರಿದರೆ, ಚೀಟಿ ಏಳದೆ ಊರಿನಲ್ಲಿಯೇ ಉಳಿದ ಗೆಳೆಯರಿಗೂ ತಮ್ಮ ತಂಗಿಯರಿಗೂ ಅದು ಓದುವ ಕೋಶವಾಗುತ್ತದೆ.